ಜೋಡಿಯಲ್ಲಿ ಅರ್ಧ ನಮ್ಮದು: ತುಮಕೂರಿನ ಐಸ್ ಡ್ಯಾನ್ಸ್ ಬಾಲಕಿಯ ಪರವಾಗಿ ಕ್ರೀಡಾ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಐಸ್ ಡ್ಯಾನ್ಸ್‌ನಂಥ ಜೋಡಿ ಸ್ಪರ್ಧೆಗಳಲ್ಲಿ ತೊಡಗಿರುವ ರಾಜ್ಯದ ಕಿರಿಯ ಕ್ರೀಡಾಪಟುಗಳನ್ನು ಸರ್ಕಾರದ ನೆರವಿನ ನಿಯಮಗಳೊಳಗೆ ಸೇರಿಸಿಕೊಳ್ಳುವ ಕುರಿತು.

ಮಾನ್ಯರೇ,

ನಾನು ತುಮಕೂರು ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿ ಕೆಲಸ ಮಾಡಿ ನಿವೃತ್ತನಾದವನು. ಕಬಡ್ಡಿ, ಕೊಕ್ಕೊ, ವಾಲಿಬಾಲ್, ಥ್ರೋಬಾಲ್ ತಂಡಗಳನ್ನು ಹೋಬಳಿ ಮಟ್ಟದಿಂದ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಮಟ್ಟದವರೆಗೆ ಕರೆದುಕೊಂಡು ಹೋಗುವುದರಲ್ಲೇ ನನ್ನ ಸೇವಾವಧಿ ಕಳೆದಿದೆ; ಆದ್ದರಿಂದ ಕ್ರೀಡೆಗೆ ಸಂಬಂಧಿಸಿದ ನಮೂನೆಗಳು, ಪ್ರಮಾಣಪತ್ರಗಳು, ದೃಢೀಕರಣದ ಮೊಹರುಗಳು ನನಗೆ ಹೊಸವಲ್ಲ. ನಿವೃತ್ತಿಯ ನಂತರ ನಮ್ಮ ಬಡಾವಣೆಯ ಮಕ್ಕಳಿಗೆ ಬೆಳಗಿನ ಹೊತ್ತು ರೋಲರ್ ಸ್ಕೇಟಿಂಗ್ ಹೇಳಿಕೊಡಲು ಆರಂಭಿಸಿದೆ. ಆ ಮಕ್ಕಳಲ್ಲಿ ಒಬ್ಬಳು ಈಗ ಹದಿನಾಲ್ಕರ ಪ್ರಾಯದಲ್ಲಿ ಐಸ್ ಡ್ಯಾನ್ಸ್ ಎಂಬ ಸ್ಪರ್ಧಾತ್ಮಕ ಕ್ರೀಡೆಯಲ್ಲಿ ತೊಡಗಿದ್ದಾಳೆ. ಅವಳ ಅರ್ಜಿಗಳನ್ನು ಬರೆದುಕೊಟ್ಟವನು, ಅವಳ ತಂದೆಯ ಜೊತೆ ಕಚೇರಿಗಳಿಗೆ ಅಲೆದವನು ನಾನೇ ಆದ್ದರಿಂದ, ಕಂಡದ್ದನ್ನು ಕಂಡಂತೆ ತಮ್ಮ ಮುಂದೆ ಇಡುವ ಹೊಣೆಯೂ ನನ್ನದೆಂದು ಭಾವಿಸಿದ್ದೇನೆ. ಬಾಲಕಿ ಅಪ್ರಾಪ್ತ ವಯಸ್ಕಳಾದ್ದರಿಂದ ಅವಳ ಹೆಸರನ್ನಾಗಲಿ ಶಾಲೆಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ನಾವು ಅಲೆದ ಕಚೇರಿಗಳ ಹೆಸರನ್ನೂ ಬರೆಯುವುದಿಲ್ಲ. ಅಲ್ಲಿ ಕುಳಿತವರು ನಿಯಮದಲ್ಲಿ ಇದ್ದದ್ದನ್ನು ಓದಿ ಹೇಳಿದರು, ನನ್ನ ದೂರು ಇರುವುದು ನಿಯಮದಲ್ಲಿ ಇಲ್ಲದ್ದರ ಬಗ್ಗೆ.

ಮೊದಲು ಕ್ರೀಡೆಯ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ, ಏಕೆಂದರೆ ನಾವು ಹೋದ ಕಡೆಯಲ್ಲೆಲ್ಲ ಎದುರಾದ ಮೊದಲ ಪ್ರಶ್ನೆ "ಇದು ಡ್ಯಾನ್ಸೋ, ಆಟವೋ?" ಎಂಬುದೇ ಆಗಿತ್ತು. ಇದು ಆಟ. ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ 1892ರಲ್ಲಿ ಸ್ಥಾಪನೆಯಾದದ್ದು. ಅದರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಐಸ್ ಡ್ಯಾನ್ಸ್ 1952ರಿಂದ ಇದೆ, ಒಲಿಂಪಿಕ್ಸ್‌ನಲ್ಲಿ 1976ರ ಇನ್ಸ್‌ಬ್ರುಕ್ ಕ್ರೀಡಾಕೂಟದಿಂದ ಪದಕದ ಸ್ಪರ್ಧೆಯಾಗಿದೆ. ಫಿಗರ್ ಸ್ಕೇಟಿಂಗ್‌ನಲ್ಲಿ ಪುರುಷರ ಸಿಂಗಲ್ಸ್, ಮಹಿಳೆಯರ ಸಿಂಗಲ್ಸ್, ಪೇರ್ಸ್ ಮತ್ತು ಐಸ್ ಡ್ಯಾನ್ಸ್ ಎಂಬ ನಾಲ್ಕು ವಿಭಾಗಗಳಿವೆ. ಪೇರ್ಸ್‌ನಲ್ಲಿ ಜೊತೆಗಾರ್ತಿಯನ್ನು ಗಾಳಿಯಲ್ಲಿ ಎಸೆಯುತ್ತಾರೆ, ತಲೆಯ ಮೇಲಕ್ಕೆ ಎತ್ತುತ್ತಾರೆ. ಐಸ್ ಡ್ಯಾನ್ಸ್‌ನಲ್ಲಿ ಅವೆರಡೂ ಇಲ್ಲ. ಅದರ ಬದಲು ಪಾದದ ಕೆಲಸವನ್ನು ಇಂಚಿಂಚಾಗಿ ಅಳೆಯುತ್ತಾರೆ. ಸ್ಕೇಟಿನ ಅಲಗು ನಾಲ್ಕು ಮಿಲಿಮೀಟರಿನಷ್ಟು ಅಗಲದ್ದು, ಅದರ ನಡುವೆ ಸಣ್ಣ ತೋಡು, ತೋಡಿನ ಎರಡೂ ಬದಿಗೆ ಒಂದೊಂದು ಅಂಚು. ಯಾವ ಹೆಜ್ಜೆ ಒಳ ಅಂಚಿನ ಮೇಲೆ ಬಿತ್ತು, ಯಾವುದು ಹೊರ ಅಂಚಿನ ಮೇಲೆ ಬಿತ್ತು, ತಿರುವಿನಲ್ಲಿ ಅಂಚು ಬದಲಾದದ್ದು ಶುದ್ಧವೋ ಜಾರಿದ್ದೋ ಎಂಬುದನ್ನು ತಾಂತ್ರಿಕ ತಂಡ ವಿಡಿಯೊ ನಿಲ್ಲಿಸಿ ನೋಡಿ ಮಟ್ಟ ನಿಗದಿ ಮಾಡುತ್ತದೆ. ತೀರ್ಪುಗಾರರು ಪ್ರತಿ ಅಂಶದ ಗುಣಮಟ್ಟಕ್ಕೆ ಮೈನಸ್ 5ರಿಂದ ಪ್ಲಸ್ 5ರವರೆಗೆ ಅಂಕ ಕೊಡುತ್ತಾರೆ. ಒಂದೇ ಕಾಲಿನ ಮೇಲೆ ತಿರುಗುತ್ತ ಮುಂದೆ ಸಾಗುವ ಟ್ವಿಜಲ್ ಎಂಬ ಚಲನೆಯನ್ನು ಇಬ್ಬರೂ ಒಂದೇ ವೇಗದಲ್ಲಿ, ಒಂದೇ ಕ್ಷಣಕ್ಕೆ ಮುಗಿಸಬೇಕು. ಜೊತೆಗಾರ್ತಿಯನ್ನು ಎತ್ತಿಕೊಂಡು ಸಾಗುವ ಸಾಮಾನ್ಯ ಲಿಫ್ಟ್ ಏಳು ಸೆಕೆಂಡ್ ಮೀರುವಂತಿಲ್ಲ. ನಿಗದಿತ ಲಯಕ್ಕೆ ಮಾಡುವ ರಿದಮ್ ಡ್ಯಾನ್ಸ್ ಮೂರು ನಿಮಿಷಕ್ಕಿಂತ ತುಸು ಕಡಿಮೆ. ಫ್ರೀ ಡ್ಯಾನ್ಸ್ ಹಿರಿಯರಿಗೆ ನಾಲ್ಕು ನಿಮಿಷ, ಕಿರಿಯರಿಗೆ ಮೂರೂವರೆ ನಿಮಿಷ. ಇಷ್ಟು ಹೊತ್ತಿನಲ್ಲಿ ವೇಷದಿಂದ ಒಂದು ಅಲಂಕಾರ ಕಳಚಿ ಅಂಗಳದ ಮೇಲೆ ಬಿದ್ದರೂ ಅಂಕ ಕಡಿತವಾಗುತ್ತದೆ. ಬಾಲಕಿಯ ತಾಯಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುವವರು. ಮಗಳ ಉಡುಪಿನ ಮಣಿಗಳನ್ನು ಒಂದೊಂದಾಗಿ ಎರಡೆರಡು ಗಂಟು ಹಾಕಿ ಹೊಲಿಯುವುದು ಈ ನಿಯಮ ಓದಿದ ಮೇಲೆ.

ಅವಳು ಇಲ್ಲಿಗೆ ತಲುಪಿದ ದಾರಿ ಅಸಹಜವಾದುದೇನಲ್ಲ. ಏಳನೆಯ ವಯಸ್ಸಿನಲ್ಲಿ ಚಕ್ರದ ಸ್ಕೇಟು ಕಟ್ಟಿದವಳು ವೇಗದ ಓಟಕ್ಕಿಂತ ತಿರುವುಗಳಲ್ಲಿ ಹೆಚ್ಚು ಆಸಕ್ತಿ ತೋರಿಸಿದಳು. ಸಂಜೆ ಭರತನಾಟ್ಯ ಕಲಿತು ಜೂನಿಯರ್ ಪರೀಕ್ಷೆ ಮುಗಿಸಿದ್ದಳು. ಅರೆಮಂಡಿಯಲ್ಲಿ ನಿಂತು ಬಲಿತ ಮೊಣಕಾಲು ಸ್ಕೇಟಿನ ಮೇಲೆ ಆಳವಾಗಿ ಬಾಗುವುದನ್ನು ನೋಡಿ, ಇವಳಿಗೆ ವೇಗದ ಬದಲು ನೃತ್ಯದಂಥ ಚಲನೆಗಳಿರುವ ಆರ್ಟಿಸ್ಟಿಕ್ ವಿಭಾಗವೇ ಸರಿ ಎಂದು ನಿರ್ಧರಿಸಿದವನು ನಾನು. ರೋಲರ್ ಸ್ಕೇಟಿಂಗ್‌ನ ಆರ್ಟಿಸ್ಟಿಕ್ ವಿಭಾಗ ನಮ್ಮ ದೇಶಕ್ಕೆ ಪದಕ ತಂದ ವಿಭಾಗವೇ: 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಹೈದರಾಬಾದಿನ ಅನೂಪ್ ಕುಮಾರ್ ಯಾಮಾ ಸಿಂಗಲ್ಸ್‌ನಲ್ಲಿ ಕಂಚು ಗೆದ್ದು, ಅವನಿ ಪಾಂಚಾಲ್ ಅವರೊಂದಿಗೆ ಜೋಡಿ ವಿಭಾಗದಲ್ಲೂ ಕಂಚು ಗೆದ್ದರು. ಚಕ್ರದಿಂದ ಮಂಜುಗಡ್ಡೆಗೆ ಹೋಗುವುದೂ ಹೊಸದಲ್ಲ. 1998ರಲ್ಲಿ ಹದಿನೈದರ ವಯಸ್ಸಿಗೆ ಒಲಿಂಪಿಕ್ ಚಿನ್ನ ಗೆದ್ದ ಅಮೆರಿಕದ ಟಾರಾ ಲಿಪಿನ್ಸ್ಕಿ ಮೊದಲು ಕಲಿತದ್ದು ಚಕ್ರದ ಮೇಲೆಯೇ. ನಮ್ಮ ಬಾಲಕಿ ಬೆಂಗಳೂರಿನ ಒಂದು ಮಾಲ್‌ನ ಕಿರಿದಾದ ಐಸ್ ಅಂಗಳದಲ್ಲಿ ಮೊದಲ ಬಾರಿ ಅಲಗು ಕಟ್ಟಿದಳು, ಆಮೇಲೆ ಉತ್ತರ ಭಾರತಕ್ಕೆ ಹೋದಳು.

ಉತ್ತರ ಭಾರತಕ್ಕೆ ಏಕೆ ಎಂದರೆ, ಅಂತರರಾಷ್ಟ್ರೀಯ ಅಳತೆಯ ಅಂಗಳ 60 ಮೀಟರ್ ಉದ್ದ, 30 ಮೀಟರ್ ಅಗಲ ಇರಬೇಕು, ಅಂಥದ್ದು ನಮ್ಮ ರಾಜ್ಯದಲ್ಲಿಲ್ಲ. ಶಿಮ್ಲಾದ ರಿಂಕ್ 1920ರಷ್ಟು ಹಳೆಯದು, ಆದರೆ ಅದು ಬಯಲಿನಲ್ಲಿ ನೀರು ತಾನಾಗಿ ಹೆಪ್ಪುಗಟ್ಟಿದಾಗ ಮಾತ್ರ ನಡೆಯುವಂಥದ್ದು, ಹಾಗಾಗಿ ಚಳಿಗಾಲದ ಕೆಲವು ವಾರಗಳಿಗೆ ಸೀಮಿತ. ಡೆಹ್ರಾಡೂನ್‌ನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕಾಗಿ ಒಳಾಂಗಣ ರಿಂಕ್ ಕಟ್ಟಿದರು. ಕೂಟ ಮುಗಿದ ಮೇಲೆ ಅದು ಒಂದು ದಶಕಕ್ಕೂ ಹೆಚ್ಚು ಕಾಲ ಬೀಗ ಹಾಕಿಕೊಂಡಿತ್ತು, ದುರಸ್ತಿಯಾಗಿ ತೆರೆದದ್ದು 2025ರಲ್ಲಿ. ತುಮಕೂರಿನಿಂದ ಅಲ್ಲಿಗೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು. ಶಾಲೆಯ ರಜೆಗಳಲ್ಲಿ ಅವಳು ಅಲ್ಲಿ, ಉಳಿದ ದಿನಗಳಲ್ಲಿ ಇಲ್ಲಿ, ಐಸ್ ಅಲಗಿನಂತೆಯೇ ಬಾಗುವ ಇನ್‌ಲೈನ್ ಚಕ್ರದ ಚೌಕಟ್ಟು ಕಟ್ಟಿಕೊಂಡು, ಒಂದು ಕಲ್ಯಾಣ ಮಂಟಪದವರು ಮದುವೆಯಿಲ್ಲದ ದಿನ ಬಿಟ್ಟುಕೊಡುವ ಊಟದ ಹಾಲ್‌ನಲ್ಲಿ ಅಭ್ಯಾಸ ಮಾಡುತ್ತಾಳೆ. ಆಷಾಢ ಬಂದರೆ ನಮಗೆ ಹಬ್ಬ.

ಈಗ ದೂರಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಐಸ್ ಡ್ಯಾನ್ಸ್ ಒಬ್ಬರೇ ಆಡುವ ಆಟವಲ್ಲ. ಎತ್ತರ, ತೂಕ, ಹೆಜ್ಜೆಯ ಉದ್ದ, ಕಲಿಕೆಯ ಮಟ್ಟ ಎಲ್ಲವೂ ಹೊಂದುವ ಜೊತೆಗಾರ ಸಿಗುವುದು ರಿಂಕ್‌ಗಳು ನೂರಾರು ಇರುವ ದೇಶಗಳಲ್ಲೇ ಕಷ್ಟ. ನಮ್ಮ ಬಾಲಕಿಗೆ ಸಿಕ್ಕ ಜೊತೆಗಾರ ಹರಿಯಾಣದ ಹುಡುಗ. ಇಬ್ಬರ ತರಬೇತುದಾರರೂ ನೋಡಿ ಒಪ್ಪಿದ ಜೋಡಿ ಅದು. ನೆರವು ಕೋರಿ ನಾವು ಅರ್ಜಿ ಸಲ್ಲಿಸಿದ ಒಂದು ಕಚೇರಿಯಲ್ಲಿ ನಮೂನೆಯ ಮೇಲೆ "ವೈಯಕ್ತಿಕ" ಮತ್ತು "ತಂಡ" ಎಂಬ ಎರಡೇ ಕಾಲಂಗಳಿದ್ದವು. ವೈಯಕ್ತಿಕ ಎಂದು ಬರೆದಾಗ, ಪ್ರಮಾಣಪತ್ರದಲ್ಲಿ ಎರಡು ಹೆಸರುಗಳಿರುವುದರಿಂದ ಇದು ವೈಯಕ್ತಿಕ ಸಾಧನೆಯಲ್ಲ ಎಂದು ಹಿಂದಿರುಗಿಸಿದರು. ತಂಡ ಎಂದು ತಿದ್ದಿ ಕೊಟ್ಟಾಗ, ತಂಡದ ಎಲ್ಲ ಸದಸ್ಯರೂ ಕರ್ನಾಟಕವನ್ನು ಪ್ರತಿನಿಧಿಸಿರಬೇಕು, ಇಲ್ಲಿ ಅರ್ಧ ತಂಡ ಬೇರೆ ರಾಜ್ಯದ್ದು ಎಂದರು. ಹುಡುಗನ ಕಡೆಯವರಿಗೂ ಅವರ ಊರಿನಲ್ಲಿ ಇದೇ ಉತ್ತರ ಸಿಕ್ಕಿತೆಂದು ತಿಳಿಯಿತು. ಹೀಗೆ ಎರಡು ರಾಜ್ಯಗಳ ಮಕ್ಕಳು ಕೂಡಿ ಮಾಡಿದ್ದು ಯಾವ ರಾಜ್ಯದ ಲೆಕ್ಕಕ್ಕೂ ಸೇರದೆ ಉಳಿಯಿತು. ಕಡತದ ಮೇಲಿದ್ದ ಷರಾ "ನಿಯಮಾವಳಿಯಲ್ಲಿ ಅವಕಾಶವಿಲ್ಲ" ಎಂಬ ಎರಡೇ ಪದಗಳದ್ದು. ಅದನ್ನು ಬರೆದ ಅಧಿಕಾರಿ ನಮ್ಮನ್ನು ಕುಳ್ಳಿರಿಸಿ ಚಹಾ ಕೊಟ್ಟು, ಬಾಲಕಿ ಸ್ಕೇಟ್ ಮಾಡುವ ವಿಡಿಯೊವನ್ನು ಕೊನೆಯವರೆಗೂ ನೋಡಿದರು ಎಂಬುದನ್ನೂ ಹೇಳದಿದ್ದರೆ ನ್ಯಾಯವಾಗುವುದಿಲ್ಲ.

ಮಾನ್ಯರೇ, ಜೋಡಿಯಲ್ಲಿ ಒಬ್ಬರು ನಮ್ಮವರು, ಇನ್ನೊಬ್ಬರು ನೆರೆರಾಜ್ಯದವರು ಆಗಿರುವುದು ಕರ್ನಾಟಕದ ಕ್ರೀಡೆಗೆ ಅಪರಿಚಿತ ಸಂಗತಿಯೇ? ನಮ್ಮ ಅಶ್ವಿನಿ ಪೊನ್ನಪ್ಪ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನವನ್ನೂ 2011ರ ವಿಶ್ವ ಬ್ಯಾಡ್ಮಿಂಟನ್ ಚಾಂಪಿಯನ್‌ಷಿಪ್‌ನಲ್ಲಿ ಕಂಚನ್ನೂ ಗೆದ್ದದ್ದು ಹೈದರಾಬಾದಿನ ಜ್ವಾಲಾ ಗುಟ್ಟಾ ಅವರ ಜೊತೆಗೂಡಿ. ಕೊಡಗಿನ ರೋಹನ್ ಬೋಪಣ್ಣ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಾನಿಯಾ ಮಿರ್ಜಾ ಅವರ ಜೊತೆ ಕಂಚಿನ ಪದಕದ ಪಂದ್ಯದವರೆಗೆ ಹೋದರು. ಅದು ಅರ್ಧ ಪದಕ, ಅರ್ಧ ಪಂದ್ಯ ಎಂದು ಕನ್ನಡಿಗರು ಯಾರೂ ಅಂದದ್ದಿಲ್ಲ. ಪೂರ್ತಿ ನಮ್ಮದೆಂದೇ ಸಂಭ್ರಮಿಸಿದೆವು. ಹೆಸರಾದವರ ವಿಷಯದಲ್ಲಿ ಸಹಜವಾಗಿ ಒಪ್ಪುವ ಮಾತನ್ನು ಹದಿನಾಲ್ಕರ ಮಗುವಿನ ವಿಷಯದಲ್ಲಿ ಲಿಖಿತವಾಗಿ ಒಪ್ಪಬೇಕೆಂಬುದಷ್ಟೇ ನನ್ನ ವಾದ.

ಜೊತೆಗಾರನನ್ನು ಬದಲಿಸಿ, ಕರ್ನಾಟಕದವನನ್ನೇ ಹುಡುಕಿ ಎಂದು ಒಬ್ಬರು ಸಲಹೆ ಕೊಟ್ಟರು. ಸಲಹೆ ಸದುದ್ದೇಶದ್ದೇ. ಆದರೆ ಐಸ್ ಡ್ಯಾನ್ಸ್‌ನಲ್ಲಿ ಜೋಡಿ ಕೂಡುವುದಕ್ಕೆ ಹಿಡಿಯುವ ಕಾಲವನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೆನಡಾದ ಟೆಸ್ಸಾ ವರ್ಚ್ಯು ಮತ್ತು ಸ್ಕಾಟ್ ಮೊಯಿರ್ 1997ರಲ್ಲಿ ಜೊತೆಯಾದಾಗ ಅವಳಿಗೆ ಏಳು, ಅವನಿಗೆ ಒಂಬತ್ತು; ಅವರ ಮೊದಲ ಒಲಿಂಪಿಕ್ ಚಿನ್ನ ಬಂದದ್ದು 2010ರಲ್ಲಿ. ಎರಡು ದೇಹಗಳು ಒಂದೇ ಅಂಚಿನ ಮೇಲೆ ಒರಗಲು ಕಲಿಯುವುದಕ್ಕೆ ಅಷ್ಟು ವರ್ಷ ಬೇಕಾಯಿತು. ವಿದೇಶದಿಂದ ಜೊತೆಗಾರನನ್ನು ತರುವ ದಾರಿಯೂ ನಮ್ಮವರಿಗೆ ಕಿರಿದು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇಬ್ಬರಲ್ಲಿ ಒಬ್ಬರು ಆ ದೇಶದ ಪ್ರಜೆಯಾಗಿದ್ದರೆ ಸಾಕು, ಒಲಿಂಪಿಕ್ಸ್‌ನಲ್ಲಿ ಇಬ್ಬರೂ ಪ್ರಜೆಗಳಾಗಿರಬೇಕು. 2018ರ ಪಿಯೊಂಗ್‌ಚಾಂಗ್ ಒಲಿಂಪಿಕ್ಸ್‌ಗಾಗಿ ಅಮೆರಿಕದ ಅಲೆಕ್ಸಾಂಡರ್ ಗ್ಯಾಮೆಲಿನ್ ದಕ್ಷಿಣ ಕೊರಿಯಾದ ಪೌರತ್ವ ಪಡೆದು ಮಿನ್ ಯುರಾ ಅವರೊಂದಿಗೆ ಸ್ಪರ್ಧಿಸಿದರು. ಭಾರತದಲ್ಲಿ ದ್ವಿಪೌರತ್ವಕ್ಕೆ ಅವಕಾಶವಿಲ್ಲದಿರುವುದರಿಂದ ನಮ್ಮ ಹುಡುಗಿಗಾಗಿ ಯಾವನೋ ಒಬ್ಬ ತನ್ನ ದೇಶದ ಪಾಸ್‌ಪೋರ್ಟನ್ನೇ ಬಿಟ್ಟುಕೊಡಬೇಕಾದೀತು. ಹಾಗಾಗಿ ಭಾರತದ ಐಸ್ ಡ್ಯಾನ್ಸ್ ಜೋಡಿ ಎಂದರೆ ಬಹುಮಟ್ಟಿಗೆ ಭಾರತದ ಎರಡು ಬೇರೆ ಬೇರೆ ರಾಜ್ಯಗಳ ಮಕ್ಕಳ ಜೋಡಿಯೇ ಆಗಿರುತ್ತದೆ, ಇನ್ನೂ ಹಲವು ವರ್ಷ ಹಾಗೆಯೇ ಇರುತ್ತದೆ.

ಎರಡನೆಯ ದೂರು ಕಾಲಕ್ಕೆ ಸಂಬಂಧಿಸಿದ್ದು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಜುಲೈ 1ಕ್ಕೆ ಮೊದಲು 13 ತುಂಬಿದವರು ಆ ಋತುವಿನ ಕಿರಿಯರ ವಿಭಾಗಕ್ಕೆ ಅರ್ಹರು. ಹಿರಿಯರ ವಿಭಾಗದ ಕನಿಷ್ಠ ವಯಸ್ಸು ಹಿಂದೆ 15 ಇತ್ತು. 2022ರಲ್ಲಿ ಒಕ್ಕೂಟ ಕೈಗೊಂಡ ತೀರ್ಮಾನದಂತೆ ಅದು ಹಂತಹಂತವಾಗಿ ಏರಿ 2024–25ರ ಋತುವಿನಿಂದ 17 ಆಗಿದೆ. ನಮ್ಮಂಥವರಿಗೆ ಇದು ಒಳ್ಳೆಯ ಸುದ್ದಿ, ಏಕೆಂದರೆ ತಡವಾಗಿ ಶುರು ಮಾಡಿದ ಮಗುವಿಗೆ ಕಲಿಯಲು ಎರಡು ವರ್ಷ ಹೆಚ್ಚಿಗೆ ಸಿಕ್ಕಿದೆ. ಆದರೆ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗಬೇಕಾದರೆ ಮಾನ್ಯತೆ ಪಡೆದ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಕನಿಷ್ಠ ತಾಂತ್ರಿಕ ಅಂಕ ಗಳಿಸಿರಬೇಕು, ಆ ಸ್ಪರ್ಧೆಗಳು ಹೆಚ್ಚಾಗಿ ಯುರೋಪು ಮತ್ತು ಉತ್ತರ ಅಮೆರಿಕದಲ್ಲಿ ನಡೆಯುತ್ತವೆ. ಪದಕ ತಂದ ಮೇಲೆ ಬನ್ನಿ ಎಂದು ಇನ್ನೊಂದು ಕಡೆ ನಮಗೆ ಹೇಳಿದರು. ಹಣವಿಲ್ಲದೆ ಸ್ಪರ್ಧೆಗೆ ಹೋಗಲಾಗದು, ಸ್ಪರ್ಧೆಗೆ ಹೋಗದೆ ಅಂಕ ಬರದು, ಅಂಕವಿಲ್ಲದೆ ಪದಕದ ಅಂಗಳಕ್ಕೇ ಪ್ರವೇಶವಿಲ್ಲ. ಕಬಡ್ಡಿ ಆಡುವ ನನ್ನ ಶಿಷ್ಯರಿಗೆ ಹೋಬಳಿಯಿಂದ ದೆಹಲಿಯವರೆಗೆ ಮೆಟ್ಟಿಲುಗಳಿದ್ದವು, ಪ್ರತಿ ಮೆಟ್ಟಿಲಿನಲ್ಲೂ ಊಟ, ಬಸ್ ಚಾರ್ಜು, ಒಂದು ಪ್ರಮಾಣಪತ್ರ ಸಿಗುತ್ತಿತ್ತು. ಇವಳಿಗೆ ಮೊದಲ ಮೆಟ್ಟಿಲೇ ಪರದೇಶದಲ್ಲಿದೆ.

ಪದಕಕ್ಕೆ ಮೊದಲೇ ನೆರವು ಕೊಡುವುದು ದುಂದು ಎಂಬ ಭಾವನೆಗೆ ಉತ್ತರವಾಗಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದ ಸಂಗತಿಯನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಜೇನ್ ಟಾರ್ವಿಲ್ ಅಲ್ಲಿ ವಿಮಾ ಕಂಪನಿಯೊಂದರ ಗುಮಾಸ್ತೆ, ಕ್ರಿಸ್ಟೊಫರ್ ಡೀನ್ ಪೊಲೀಸ್ ಪೇದೆ. ಕೆಲಸದ ಪಾಳಿ ಮುಗಿಸಿ ಹೊತ್ತಲ್ಲದ ಹೊತ್ತಿನಲ್ಲಿ ಅಭ್ಯಾಸ ಮಾಡುತ್ತಿದ್ದ ಈ ಜೋಡಿಗೆ 1980ರ ಒಲಿಂಪಿಕ್ಸ್‌ನಲ್ಲಿ ಸಿಕ್ಕಿದ್ದು ಐದನೆಯ ಸ್ಥಾನ. ಐದನೆಯ ಸ್ಥಾನಕ್ಕೆ ಯಾರೂ ಮೆರವಣಿಗೆ ಮಾಡುವುದಿಲ್ಲ. ಆದರೂ ಅವರು ಕೆಲಸ ಬಿಟ್ಟು ಪೂರ್ಣಾವಧಿ ಅಭ್ಯಾಸಕ್ಕೆ ಇಳಿದಾಗ ಅವರ ನಗರಸಭೆ ಹಣಕಾಸಿನ ನೆರವು ಕೊಟ್ಟಿತು. 1981ರಿಂದ 1984ರವರೆಗೆ ಅವರು ಸತತ ನಾಲ್ಕು ಬಾರಿ ವಿಶ್ವ ಚಾಂಪಿಯನ್ನರಾದರು. 1984ರ ಸರಾಯೆವೊ ಒಲಿಂಪಿಕ್ಸ್‌ನಲ್ಲಿ ಕಲಾತ್ಮಕತೆಗೆ ಒಂಬತ್ತೂ ತೀರ್ಪುಗಾರರು ಗರಿಷ್ಠವಾದ 6.0 ಅಂಕ ಕೊಟ್ಟರು. 2000ದಲ್ಲಿ ಆ ನಗರದಲ್ಲಿ ದೊಡ್ಡ ರಾಷ್ಟ್ರೀಯ ಐಸ್ ಕೇಂದ್ರ ತೆರೆಯಿತು. ನಗರಸಭೆ ಎಂದರೆ ರಸ್ತೆ, ಚರಂಡಿ, ನೀರು ನೋಡಿಕೊಳ್ಳುವ, ನಮ್ಮ ಪಾಲಿಕೆಯಂಥದ್ದೇ ಒಂದು ಸಂಸ್ಥೆ. ನಮ್ಮ ರಾಜ್ಯಕ್ಕೂ ಈ ವಿವೇಕ ಹೊಸದಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸನ್ನು ಗುರಿಯಾಗಿಟ್ಟು 75 ಕ್ರೀಡಾಪಟುಗಳನ್ನು ಆರಿಸಿಕೊಳ್ಳುವ ಅಮೃತ ಕ್ರೀಡಾ ದತ್ತು ಯೋಜನೆಯನ್ನು ಸರ್ಕಾರವೇ ಪ್ರಕಟಿಸಿತ್ತು. ಅದರ ತತ್ವ ಪದಕದ ಮೊದಲಿನ ನೆರವೇ. ಚಳಿಗಾಲದ ಒಲಿಂಪಿಕ್ಸ್ ಎಂಬುದೊಂದು ಇದೆಯೆಂದು ಆ ತತ್ವಕ್ಕೆ ಸೇರಿಸಬೇಕಷ್ಟೆ.

"ಮಂಜೇ ಬೀಳದ ನಾಡಿಗೆ ಈ ಆಟ ಯಾಕೆ?" ಎಂದು ಕೇಳುವವರಿದ್ದಾರೆ, ತಮ್ಮ ಸುತ್ತಲೂ ಇರಬಹುದು. ಐಸ್ ಡ್ಯಾನ್ಸ್‌ಗೆ ಬೀಳುವ ಮಂಜು ಬೇಕಿಲ್ಲ. ಕಾಂಕ್ರೀಟ್ ಹಾಸಿನೊಳಗೆ ಕೊಳವೆಗಳನ್ನು ಹುದುಗಿಸಿ, ಅಮೋನಿಯಾ ಯಂತ್ರದಿಂದ ತಣಿಸಿದ ಉಪ್ಪುನೀರನ್ನೋ ಗ್ಲೈಕಾಲ್ ದ್ರಾವಣವನ್ನೋ ಅವುಗಳಲ್ಲಿ ಹರಿಸಿ, ಮೇಲೆ ನೀರನ್ನು ತೆಳುಪದರಗಳಾಗಿ ಸಿಂಪಡಿಸಿ ಮೂರ್ನಾಲ್ಕು ಸೆಂಟಿಮೀಟರ್ ದಪ್ಪದ ಗಡ್ಡೆ ಕಟ್ಟಿಸುತ್ತಾರೆ. ಬಾಲಕಿಯ ತಂದೆ ನಮ್ಮ ಜಿಲ್ಲೆಯ ಒಂದು ಹಾಲು ಶೀತಲೀಕರಣ ಘಟಕದಲ್ಲಿ ಕಂಪ್ರೆಸರ್ ನೋಡಿಕೊಳ್ಳುವ ಕೆಲಸದವರು. ಡೆಹ್ರಾಡೂನ್‌ನ ರಿಂಕ್‌ಗೆ ಮೊದಲ ಸಲ ಹೋದಾಗ ಅವರು ಮಗಳನ್ನು ಅಂಗಳಕ್ಕೆ ಬಿಟ್ಟು ನೇರ ಯಂತ್ರದ ಕೋಣೆಯ ಕಡೆ ನಡೆದರು, ಹೊರಗೆ ಬಂದು, "ಮೇಷ್ಟ್ರೇ, ಇದು ನಮ್ಮ ಚಿಲ್ಲಿಂಗ್ ಪ್ಲಾಂಟೇ. ನಾವು ಹಾಲು ತಣ್ಣಗೆ ಮಾಡ್ತೀವಿ, ಇವರು ನೆಲ ತಣ್ಣಗೆ ಮಾಡ್ತಾರೆ" ಎಂದರು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಹಾಲಿನ ಜಿಲ್ಲೆಗಳು. ಅಮೋನಿಯಾ ಯಂತ್ರ ನಡೆಸಬಲ್ಲ, ಸೋರಿಕೆ ಬಂದರೆ ಹೆದರದೆ ವಾಲ್ವ್ ಮುಚ್ಚಬಲ್ಲ ಜನ ಇಲ್ಲಿ ಊರೂರಿಗೆ ಇದ್ದಾರೆ. ವಿದ್ಯುತ್ತಿನ ಖರ್ಚು ದೊಡ್ಡದೆಂಬುದನ್ನು ನಾನು ಮುಚ್ಚಿಡುವುದಿಲ್ಲ. ರಿಂಕ್ ಒಂದನ್ನು ಕಟ್ಟುವುದಕ್ಕಿಂತ ನಡೆಸುವುದು ಕಷ್ಟ, ಡೆಹ್ರಾಡೂನ್‌ನಲ್ಲಿ ಬೀಗ ಬಿದ್ದದ್ದೇ ಅದಕ್ಕೆ ಸಾಕ್ಷಿ. ಆದ್ದರಿಂದ ನಾಳೆಯೇ ತುಮಕೂರಿಗೆ ರಿಂಕ್ ಕೊಡಿ ಎಂದು ಕೇಳುವ ಅವಿವೇಕ ನನ್ನದಲ್ಲ. ಆದರೆ ಪಾವಗಡದ ಬಿಸಿಲಿನಿಂದ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಮಾಡಿದ ಜಿಲ್ಲೆಯವರಿಗೆ, ನಿಮ್ಮ ಊರು ಸೆಖೆಯದು, ಇಲ್ಲಿ ಐಸ್ ಆಗುವುದಿಲ್ಲ ಎಂದು ಹೇಳುವವರು ಸ್ವಲ್ಪ ಯೋಚಿಸಿ ಹೇಳಬೇಕು.

ಕನ್ನಡದ ಮಕ್ಕಳು ಚಳಿಗಾಲದ ಆಟಗಳಿಗೆ ಹೋಗಿಲ್ಲವೆಂದಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಹಿಮದ ಮೇಲಿನ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ದೇಶವನ್ನು ಪ್ರತಿನಿಧಿಸಿದ್ದಾರೆ. ಫಿಗರ್ ಸ್ಕೇಟಿಂಗ್‌ನ ಮಹಿಳೆಯರ ಸಿಂಗಲ್ಸ್‌ನಲ್ಲಿ ಭಾರತದ ಪರ ಸ್ಪರ್ಧಿಸುತ್ತಿರುವ ತಾರಾ ಪ್ರಸಾದ್ ಅಮೆರಿಕದಲ್ಲಿ ಹುಟ್ಟಿ ಬೆಳೆದು, ಅಲ್ಲಿಯೇ ಕಲಿತು, ಬಳಿಕ ಭಾರತದ ಪೌರತ್ವ ಪಡೆದವರು. ಅವರ ಬಗ್ಗೆ ನನಗೆ ಗೌರವವಿದೆ. ಇಲ್ಲೇ ಹುಟ್ಟಿ ಇಲ್ಲೇ ಬೆಳೆಯುವ ಮಗುವಿಗೂ ಆ ಎತ್ತರಕ್ಕೆ ಏರುವ ದಾರಿ ಬೇಕು ಎಂಬುದು ನನ್ನ ಹಟ. ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತ ಮೊದಲು ಹೋದದ್ದು 1964ರಲ್ಲಿ. ಅಲ್ಲಿನ ಫಿಗರ್ ಸ್ಕೇಟಿಂಗ್ ಅಂಗಳಕ್ಕೆ ನಮ್ಮವರು ಯಾರೂ ಇನ್ನೂ ಇಳಿದಿಲ್ಲ. ನಮ್ಮ ಸಂಗೀತ ಮಾತ್ರ ಇಳಿದಿದೆ. 2010ರ ವ್ಯಾಂಕೂವರ್ ಕ್ರೀಡಾಕೂಟದಲ್ಲಿ ಜಾನಪದ ಲಯದ ಸುತ್ತಿಗೆ ಅಮೆರಿಕದ ಮೆರಿಲ್ ಡೇವಿಸ್ ಮತ್ತು ಚಾರ್ಲಿ ವೈಟ್ ಹಿಂದಿ ಚಿತ್ರಗೀತೆಗಳನ್ನು ಆರಿಸಿಕೊಂಡು, ಭಾರತೀಯ ನೃತ್ಯದ ಹಸ್ತ, ಕತ್ತಿನ ಚಲನೆಗಳನ್ನು ಕಲಿತು ಬಂದು ಕುಣಿದರು. ಆ ಕೂಟದಲ್ಲಿ ಬೆಳ್ಳಿ ಗೆದ್ದರು, ನಾಲ್ಕು ವರ್ಷದ ನಂತರ ಸೋಚಿಯಲ್ಲಿ ಚಿನ್ನ. ಆ ವಿಡಿಯೊವನ್ನು ನಮ್ಮ ಬಾಲಕಿ ನನಗೆ ತೋರಿಸಿ, ಒಂದು ಕಡೆ ಹಸ್ತ ತಪ್ಪಾಗಿದೆ ಎಂದು ಹೇಳಿದಳು. ಜೂನಿಯರ್ ಪರೀಕ್ಷೆ ಪಾಸಾದವಳ ತೀರ್ಪು, ನಾನು ಎದುರಾಡಲಿಲ್ಲ.

ಈ ಹಿನ್ನೆಲೆಯಲ್ಲಿ ನನ್ನ ಕೋರಿಕೆಗಳನ್ನು ನಿವೇದಿಸಿಕೊಳ್ಳುತ್ತೇನೆ. ಎಲ್ಲಕ್ಕಿಂತ ಮುಖ್ಯವಾದುದು ಮತ್ತು ಸರ್ಕಾರಕ್ಕೆ ಒಂದು ರೂಪಾಯಿಯೂ ಖರ್ಚಾಗದ್ದು ನಿಯಮದ ತಿದ್ದುಪಡಿ. ಕ್ರೀಡಾ ನೆರವು, ಪ್ರೋತ್ಸಾಹಧನ ಮತ್ತು ಕ್ರೀಡಾ ಮೀಸಲಾತಿಗೆ ಸಂಬಂಧಿಸಿದ ನಮೂನೆಗಳಲ್ಲಿ ವೈಯಕ್ತಿಕ ಮತ್ತು ತಂಡ ಎಂಬುದರ ಜೊತೆಗೆ "ಜೋಡಿ" ಎಂಬ ಮೂರನೆಯ ಕಾಲಂ ಸೇರಿಸಿ, ಜೋಡಿಯಲ್ಲಿ ಒಬ್ಬರು ಕರ್ನಾಟಕದವರಾಗಿದ್ದರೆ ಅವರ ಪಾಲಿಗೆ ಅದನ್ನು ಪೂರ್ಣ ಸಾಧನೆಯೆಂದು ಪರಿಗಣಿಸಬೇಕು, ಇನ್ನೊಬ್ಬರು ಯಾವ ರಾಜ್ಯದವರೆಂಬುದು ಅಡ್ಡಿಯಾಗಬಾರದು ಎಂದು ಸ್ಪಷ್ಟವಾಗಿ ಆದೇಶಿಸಬೇಕು. ಇದು ಐಸ್ ಡ್ಯಾನ್ಸ್‌ನ ಒಬ್ಬ ಹುಡುಗಿಗೆ ಮಾತ್ರ ಸಿಗುವ ಪ್ರಯೋಜನವಲ್ಲ. ರೋಲರ್ ಸ್ಕೇಟಿಂಗ್‌ನ ಜೋಡಿ ನೃತ್ಯ, ಬ್ಯಾಡ್ಮಿಂಟನ್ ಮತ್ತು ಟೇಬಲ್ ಟೆನಿಸ್‌ನ ಮಿಶ್ರ ಡಬಲ್ಸ್, ಎಲ್ಲ ಮಕ್ಕಳಿಗೂ ಅನ್ವಯವಾಗುತ್ತದೆ. ಅದರ ಜೊತೆಗೆ, ಚಳಿಗಾಲದ ಕ್ರೀಡೆಗಳ ಕಿರಿಯರಿಗೆ ಪದಕದ ಷರತ್ತಿಲ್ಲದೆ, ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟದ ಸದಸ್ಯ ಸಂಸ್ಥೆಯಾದ ಭಾರತೀಯ ಐಸ್ ಸ್ಕೇಟಿಂಗ್ ಸಂಸ್ಥೆಯ ಸ್ಪರ್ಧೆಗಳ ಫಲಿತಾಂಶ ಮತ್ತು ತರಬೇತುದಾರರ ವರದಿಯನ್ನು ಆಧರಿಸಿ, ರಿಂಕ್ ಬಾಡಿಗೆ, ಪ್ರಯಾಣ ಮತ್ತು ಸಲಕರಣೆಗೆ ವಾರ್ಷಿಕ ನೆರವು ದೊರೆಯುವಂತಾಗಬೇಕು. ಸಲಕರಣೆ ಎಂದಾಗ ಒಂದು ಸೂಕ್ಷ್ಮವನ್ನು ಹೇಳಲೇಬೇಕು: ಐಸ್ ಡ್ಯಾನ್ಸ್‌ನ ಅಲಗಿನ ಹಿಂಭಾಗ ಗಿಡ್ಡದು, ಇಬ್ಬರೂ ಒತ್ತೊತ್ತಾಗಿ ಹೆಜ್ಜೆ ಹಾಕುವಾಗ ಒಬ್ಬರ ಅಲಗು ಇನ್ನೊಬ್ಬರದಕ್ಕೆ ತಾಗಬಾರದೆಂದು. ಬೆಳೆಯುವ ಮಗುವಿನ ಪಾದಕ್ಕೆ ಬೂಟು ಬೇಗ ಬಿಗಿಯಾಗುತ್ತದೆ. ಬೂಟು ಅಲಗು ಎರಡೂ ವಿದೇಶದಿಂದ ಬರಬೇಕು. ಟೆಂಡರ್ ಕರೆದು ಎಲ್ಲರಿಗೂ ಒಂದೇ ಅಳತೆಯ ಸ್ಕೇಟು ಹಂಚುವ ಪದ್ಧತಿ ಇಲ್ಲಿ ನಡೆಯುವುದಿಲ್ಲ, ಬಿಲ್ಲು ನೋಡಿ ಹಣ ಮರುಪಾವತಿ ಮಾಡುವುದೇ ಸರಿ.

ಅಂಗಳದ ವಿಷಯದಲ್ಲಿ ನನ್ನ ಬೇಡಿಕೆ ಚಿಕ್ಕದು. ರೋಲರ್ ಸ್ಕೇಟಿಂಗ್‌ಗೆಂದು ಕಟ್ಟುವ ಅಂಗಳಗಳು ಹೆಚ್ಚಾಗಿ ವೇಗದ ಓಟಕ್ಕೆ ಅನುಕೂಲವಾಗುವಂತೆ ತಿರುವಿನಲ್ಲಿ ಏರಿಸಿದಂಥವು. ಆರ್ಟಿಸ್ಟಿಕ್ ವಿಭಾಗಕ್ಕೆ ಬೇಕಾದದ್ದು ಸಮತಟ್ಟಾದ, ನುಣುಪಾದ, ಮಳೆ ಬೀಳದ ಒಂದು ನೆಲ. ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣವನ್ನು ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಹೊಸದಾಗಿ ಕಟ್ಟಲಾಗಿದೆ, ಅದು ನಮ್ಮೂರಿನ ಹೆಮ್ಮೆ. ಅಲ್ಲಾಗಲಿ, ನಗರದ ಬೇರೆ ಯಾವುದೇ ಸಾರ್ವಜನಿಕ ಒಳಾಂಗಣದಲ್ಲಾಗಲಿ ಬೆಳಗಿನ ಎರಡು ಗಂಟೆ ಇಂಥ ನೆಲವನ್ನು ಆರ್ಟಿಸ್ಟಿಕ್ ಸ್ಕೇಟಿಂಗ್‌ಗೆ ಮೀಸಲಿಟ್ಟರೆ ಮುಂದೆ ಐಸ್‌ಗೆ ಹೋಗಬಲ್ಲ ಮಕ್ಕಳ ತಂಡವೇ ತಯಾರಾಗುತ್ತದೆ. ಪೂರ್ಣ ಅಳತೆಯ ರಿಂಕ್ ರಾಜ್ಯಕ್ಕೆ ಒಂದಾದರೂ ಬೇಕೆಂಬುದನ್ನು ಇಲಾಖೆಯ ದೀರ್ಘಾವಧಿ ಯೋಜನೆಯಲ್ಲಿ ಪರಿಶೀಲಿಸಬಹುದು. ಅದನ್ನು ನಡೆಸುವ ಖರ್ಚಿನ ಲೆಕ್ಕವನ್ನು ಕಟ್ಟುವ ಮೊದಲೇ ಹಾಕಬೇಕು ಎಂಬುದಷ್ಟನ್ನು ಸೇರಿಸುತ್ತೇನೆ.

ಕೊನೆಯದಾಗಿ ಶಾಲೆಯ ವಿಚಾರ. ಎಸ್.ಎಸ್.ಎಲ್.ಸಿ.ಗೆ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ಬಂದಿರುವುದರಿಂದ ಸ್ಪರ್ಧೆಯ ದಿನಕ್ಕೂ ಪರೀಕ್ಷೆಯ ದಿನಕ್ಕೂ ಡಿಕ್ಕಿಯಾಗುವ ಭಯ ಬಹುಮಟ್ಟಿಗೆ ತಪ್ಪಿದೆ, ಉಳಿದಿರುವುದು ಶೇ. 75ರ ಹಾಜರಾತಿ. ತರಬೇತಿ ಮತ್ತು ಸ್ಪರ್ಧೆಗಾಗಿ ಹೊರರಾಜ್ಯದಲ್ಲಿರುವ ದಿನಗಳನ್ನು, ರಿಂಕ್‌ನ ಅಧಿಕೃತ ಹಾಜರಾತಿ ಪತ್ರದ ಆಧಾರದ ಮೇಲೆ ಶಾಲಾ ಹಾಜರಾತಿಯೆಂದೇ ಪರಿಗಣಿಸುವಂತೆ ಶಾಲಾ ಶಿಕ್ಷಣ ಇಲಾಖೆಯೊಂದಿಗೆ ತಾವು ಮಾತನಾಡಬೇಕು. ಶಾಲೆಯ ಮುಖ್ಯೋಪಾಧ್ಯಾಯಿನಿ ಒಳ್ಳೆಯ ಮನಸ್ಸಿನವರು, ಆದರೆ ಆದೇಶವಿಲ್ಲದೆ ರಿಜಿಸ್ಟರಿನಲ್ಲಿ ಗುರುತು ಹಾಕಿ ಎಂದು ಅವರನ್ನು ಕೇಳಲು ಮೂವತ್ತು ವರ್ಷ ಇದೇ ರಿಜಿಸ್ಟರ್ ಹಿಡಿದ ನನಗೆ ಮನಸ್ಸು ಬರುವುದಿಲ್ಲ.

ಬಾಲಕಿ ಬರುವ ಜೂನ್‌ನಲ್ಲಿ ಹತ್ತನೆಯ ತರಗತಿಗೆ ಹೋಗುತ್ತಾಳೆ, ಹೊಸ ಸ್ಕೇಟಿಂಗ್ ಋತು ಜುಲೈ 1ಕ್ಕೆ ಆರಂಭವಾಗುತ್ತದೆ. ಹರಿಯಾಣದ ಹುಡುಗನ ಪೋಷಕರೂ ಅಲ್ಲಿಯವರೆಗೆ ಕಾಯುತ್ತೇವೆಂದು ಹೇಳಿದ್ದಾರೆ. ಹಾಜರಾತಿ ಮತ್ತು ಜೋಡಿ ಕಾಲಂಗೆ ಸಂಬಂಧಿಸಿದ ಎರಡು ಕೋರಿಕೆಗಳ ಬಗ್ಗೆಯಾದರೂ ಮೇ ತಿಂಗಳ ಒಳಗೆ ತೀರ್ಮಾನ ತಿಳಿಸಿದರೆ ಎರಡೂ ಮನೆಗಳವರು ರೈಲಿನ ಟಿಕೆಟ್ ಕಾದಿರಿಸಬಹುದು. ಹಿಂದಿರುಗಿದ ಅರ್ಜಿಗಳ ಪ್ರತಿಗಳು, ಅವುಗಳ ಮೇಲಿನ ಷರಾ, ತರಬೇತುದಾರರ ಪತ್ರ ಮತ್ತು ಸ್ಪರ್ಧೆಗಳ ಅಂಕಪಟ್ಟಿಗಳನ್ನು ಹೆಸರುಗಳಿರುವಂತೆಯೇ ತಮ್ಮ ಕಚೇರಿಗೆ ಪ್ರತ್ಯೇಕವಾಗಿ ನೋಂದಾಯಿತ ಅಂಚೆಯಲ್ಲಿ ಕಳುಹಿಸಿದ್ದೇನೆ. ವಿವರಣೆ ಬೇಕಾದಲ್ಲಿ ತಾವು ಕರೆದ ದಿನ ಬಾಲಕಿಯ ತಂದೆಯೊಂದಿಗೆ ವಿಧಾನಸೌಧಕ್ಕೆ ಬರಲು ಸಿದ್ಧನಿದ್ದೇನೆ; ಅವರಿಗೆ ರಾತ್ರಿ ಪಾಳಿ ಇರುವ ವಾರವಾದರೆ ಮಾತ್ರ ಮಧ್ಯಾಹ್ನದ ಮೇಲೆ ಸಮಯ ಕೊಡಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ,
ತುಮಕೂರು